ಅಂಕಿತವಿಲ್ಲದ ಹಾಡು

ಸಂಗೀತಾ ಕಡೂರಿಗೆ ವಾಪಸಾದಾಗ ಮನೆಯವರು ಅವಳಿಗೆ ಬಿಟ್ಟುಕೊಟ್ಟದ್ದು ಹಿಂದಿನ ಕೋಣೆ. ಅವಳು ಕೇಳಿದ್ದು ಕೊಬ್ಬರಿ ಅಟ್ಟ.

ತಂದೆ ಮಲ್ಲಿಕಾರ್ಜುನಯ್ಯನವರದು ಕೊಬ್ಬರಿ ವ್ಯಾಪಾರ. ಮನೆಯ ಹಿಂದಿನ ಉಗ್ರಾಣದಲ್ಲಿ ಹಲಗೆ ಹಾಸಿದ ಅಟ್ಟವಿದೆ. ಸಿಪ್ಪೆ ತೆಗೆಯದ ತೆಂಗಿನಕಾಯಿಯನ್ನು ಅಲ್ಲಿ ರಾಶಿ ಹಾಕಿ ವರ್ಷದ ಹತ್ತಿರ ಮುಟ್ಟದೆ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಗಡಗಡ ಅಂದಾಗ ಇಳಿಸಿ ಸುಲಿಸುತ್ತಾರೆ. ಸಂಗೀತಾ ಆ ರಾಶಿಗಳ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿದಳು. ಸದ್ದು ಎಲ್ಲೂ ತಗುಲಿ ವಾಪಸ್ ಬರಲಿಲ್ಲ. ನಾರು ಅದನ್ನು ಹೀರಿಕೊಂಡಿತು. ಬೆಂಗಳೂರಿನಲ್ಲಿ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸಿಗುತ್ತಿದ್ದ ಸ್ಟುಡಿಯೋಗಳೂ ಇಷ್ಟು ಚೆನ್ನಾಗಿರಲಿಲ್ಲ.

"ಇಲ್ಲೇ ರೆಕಾರ್ಡ್ ಮಾಡ್ತೀನಿ."

"ಇಲಿ ಬತ್ತವೆ ಕಣೇ," ಎಂದರು ತಾಯಿ ಕರಿಬಸಮ್ಮ.

"ಬರಲಿ. ಅವಕ್ಕೆ ನನ್ನ ಹಾಡಿನ ಮೇಲೆ ತಕರಾರಿಲ್ಲ."

ಅಣ್ಣ ರುದ್ರಮೂರ್ತಿ ಏಣಿಯ ಬುಡದಲ್ಲಿ ನಿಂತಿದ್ದ. ಮಂಡಿಯ ವ್ಯವಹಾರ ಈಗ ಅವನ ಕೈಯಲ್ಲಿದೆ. "ಯುಗಾದಿ ಆದ್ಮೇಲೆ ಕಾಯಿ ಇಳಿಸ್ತೀವಿ. ಅಷ್ಟರೊಳಗೆ ಮುಗಿಸ್ಕೊ. ಆಮೇಲೆ ಅಲ್ಲಿ ನೀನು ಕೆಮ್ಮಿದ್ರೂ ಮೂರು ಸಲ ಕೇಳುತ್ತೆ."

ನಡುಹಗಲು ಎಂಬ ಬ್ಯಾಂಡಿನ ಹೆಸರು ಕೇಳದ ಕಾಲೇಜು ರಾಜ್ಯದಲ್ಲಿ ಕಡಿಮೆ. ಜನಪದ ಮಟ್ಟುಗಳಿಗೆ ಗಿಟಾರು, ಡ್ರಮ್ಮು ಸೇರಿಸಿ ಮೈದಾನ ತುಂಬಿಸುತ್ತಿದ್ದ ತಂಡ ಅದು. ಕಟ್ಟಿದವನು ಗಿಟಾರಿನ ಶಶಿಧರ. ಮುಖ್ಯ ಗಾಯಕಿ ಸಂಗೀತಾ. ಜನ ಬಾಯಿಪಾಠ ಮಾಡಿಕೊಂಡಿದ್ದ ಹಾಡುಗಳಲ್ಲಿ ಕೆಲವನ್ನು ಬರೆದವಳೂ ಅವಳೇ. ಆದರೆ ಎಲ್ಲ ಹಾಡಿನ ಕೆಳಗೂ ಇರುತ್ತಿದ್ದದ್ದು ಒಂದೇ ಹೆಸರು: ಸಾಹಿತ್ಯ, ಸಂಗೀತ – ನಡುಹಗಲು. ನಾನು ಬರೆದದ್ದಕ್ಕೆ ನನ್ನ ಹೆಸರು ಹಾಕಿ ಎಂದು ಅವಳು ಕೇಳಿದಳು. ನಾವೆಲ್ಲ ಒಂದೇ ಅಲ್ವಾ ಎಂದ ಶಶಿಧರ. ಕೆಲವು ವರ್ಷ ಕೇಳಿದಳು, ಆಮೇಲೆ ತಂಡ ಬಿಟ್ಟಳು.

ಬಿಟ್ಟ ಮೇಲೆ 'ಒಬ್ಬಳೇ' ಎಂಬ ಹೆಸರಿನಲ್ಲಿ ತನ್ನದೇ ಮೊದಲ ಆಲ್ಬಂ ತಂದಳು. ಒಂದೆರಡು ಪತ್ರಿಕೆಗಳು ಹೊಗಳಿದವು. ಕೇಳಿದವರು ಕಡಿಮೆ. ಕಾರ್ಯಕ್ರಮಕ್ಕೆ ಕರೆದವರೆಲ್ಲ ಹಳೇ ಬ್ಯಾಂಡಿನ ಹಾಡನ್ನೇ ಹಾಡಿಸಿದರು. ಕೈಯಲ್ಲಿದ್ದದ್ದು ಖರ್ಚಾಯಿತು. ಎರಡನೆಯ ಆಲ್ಬಮ್ಮನ್ನು ಗಿಟಾರು, ಲ್ಯಾಪ್‌ಟಾಪು, ಒಂದು ಒಳ್ಳೆಯ ಮೈಕು ಇಟ್ಟುಕೊಂಡು ಮನೆಯಲ್ಲೇ ಮುಗಿಸುವುದೆಂದು ಬಂದಿದ್ದಳು. ಅದಕ್ಕೆ 'ಅಟ್ಟ' ಎಂದು ಹೆಸರಿಟ್ಟಳು.

ಮನೆಗೆ ಹೊಸ ಕಟ್ಟಳೆಗಳು ಬಂದವು. ಬೆಳಗಿನ ತಿಂಡಿ ಮುಗಿದ ಮೇಲೆ ಮಧ್ಯಾಹ್ನದ ಊಟದ ತನಕ ಮಿಕ್ಸಿ ಹಾಕುವಂತಿಲ್ಲ, ಟಿ.ವಿ. ಇಲ್ಲ, ಹಿತ್ತಿಲಲ್ಲಿ ಕೂಗಿ ಮಾತಾಡುವಂತಿಲ್ಲ. ಅಡುಗೆಯ ಹೊಣೆ ರುದ್ರಮೂರ್ತಿಯ ಹೆಂಡತಿ ಸೌಮ್ಯಳದು. ಒಂದು ದಿನ ಸಂಗೀತಾ ಅಟ್ಟ ಇಳಿದು ಬಂದು ಅಡುಗೆಮನೆ ಬಾಗಿಲಲ್ಲಿ ನಿಂತಳು.

"ಅತ್ತಿಗೆ, ಕುಕ್ಕರು."

"ಏನಾಯ್ತು ಕುಕ್ಕರಿಗೆ?"

"ಹಾಡಿನ ಮಧ್ಯ ಕೂಗ್ತು."

"ಕೂಗದೆ ಬೇಳೆ ಬೇಯಲ್ಲ ಸಂಗೀತಾ. ನೀನೂ ಕೂಗ್ತೀಯ, ಅದೂ ಕೂಗುತ್ತೆ. ಯಾರಿಗೆ ಸುಮ್ನಿರು ಅನ್ಲಿ?"

"ಪಾತ್ರೇಲಿ ಬೇಯಿಸಕ್ಕಾಗಲ್ವಾ?"

"ಆಗುತ್ತೆ. ನೀನೇ ಬಂದು ಉಕ್ಕದಂಗೆ ನೋಡ್ಕೊಂಡು ನಿಂತ್ಕೊ."

ಮಾರನೆಯ ದಿನದಿಂದ ಬೇಳೆ ಬೇಯಿಸುವ ಕೆಲಸವನ್ನು ಕರಿಬಸಮ್ಮ ವಹಿಸಿಕೊಂಡರು. ಚಟ್ನಿಯನ್ನು ಹಿತ್ತಿಲ ಒರಳಿನಲ್ಲಿ ರುಬ್ಬಿದರು. ಕೆಲಸ ಮುಗಿದ ಮೇಲೆ ಅವರೆಕಾಯಿಯ ಮೊರ ಹಿಡಿದುಕೊಂಡು ಅಟ್ಟದ ಏಣಿಯ ಹತ್ತಿರ ಕೂರುತ್ತಿದ್ದರು. ಮೇಲೆ ಸಂಗೀತಾ ಒಂದೇ ಹಾಡನ್ನು ಮತ್ತೆ ಮತ್ತೆ ಹಾಡುತ್ತಿದ್ದಳು. ಕೆಲವು ಸಲ ಗಿಟಾರಿನ ಅಬ್ಬರಕ್ಕೆ ಏಣಿಯೇ ನಡುಗುತ್ತಿತ್ತು, ಕೆಲವು ಸಲ ಬರೀ ದನಿ.

*ನೀರು ಇಂಗೋವರೆಗೂ ಸುಮ್ಮನಿರು*
*ಚಿಪ್ಪು ಬಿಡೋವರೆಗೂ ಸುಮ್ಮನಿರು*
*ಕತ್ತಲು ನಾರಾಗಿ ಸುತ್ತಿಕೊಂಡರೂ*
*ಕರೆಯೋರು ಕರೆಯಲಿ, ಸುಮ್ಮನಿರು*
*ಒಳಗೇ ನಿನ್ನ ಸದ್ದು ಕೇಳಿದ ದಿನ*
*ಆಗ ಹೊರಗೆ ಬಾ*

"ಇದರಲ್ಲಿ ಆ ಕಿರ್ರೋ ಅನ್ನೋದು ಇಲ್ದಿದ್ರೆ ಪದ ಚೆನ್ನಾಗೈತೆ," ಎಂದರು ಕರಿಬಸಮ್ಮ ಊಟಕ್ಕೆ ಬಡಿಸುವಾಗ.

"ಆ ಕಿರ್ರೋ ಅನ್ನೋದೇ ಹಾಡು ಅವ್ವ."

"ಇರ್ಲಿ. ಮುದ್ದೆ ಇನ್ನರ್ಧ ಹಾಕ್ಲಾ?"

ಹಿರೇನಲ್ಲೂರಿನ ದಾರಿಯಲ್ಲಿ ಗೋಣಿಮಠವೆಂಬ ಸಣ್ಣ ಮಠವಿದೆ. ದೊಡ್ಡ ಗೋಣಿಮರದ ಕೆಳಗೆ ಹಿಂದಿನ ಗುರುವೊಬ್ಬರ ಗದ್ದುಗೆ, ಮುಂದೆ ತಗಡಿನ ಚಪ್ಪರ. ಪ್ರತಿ ಹುಣ್ಣಿಮೆ ಭಜನೆ, ಆಮೇಲೆ ದಾಸೋಹ. ಆ ತಿಂಗಳ ದಾಸೋಹ ಯಾರ ಮನೆಯದೋ ಆ ಮನೆಯ ಹೆಂಗಸು ಒಂದು ಪದ ಹೇಳಿಕೊಡಬೇಕು, ಉಳಿದವರು ಹಿಂದೆ ಹಾಡಬೇಕು. ಭಾರತ ಹುಣ್ಣಿಮೆಯ ದಾಸೋಹ ಮಲ್ಲಿಕಾರ್ಜುನಯ್ಯನವರ ಮನೆಯದು. ಕರಿಬಸಮ್ಮ ಪ್ರತಿ ವರ್ಷ ಹೇಳುತ್ತಿದ್ದ ಪದ ಒಂದೇ. ಅದನ್ನು ಶುರು ಮಾಡುವ ಮೊದಲೇ ಹೆಂಗಸರು ಹಾಡಿ ಮುಗಿಸಿಬಿಡುತ್ತಾರೆ ಎಂಬ ಮಾತಿತ್ತು. ಈ ಸಲ ಅವರು ಮಗಳ ಹಾಡು ಹೇಳಿದರು. ಮಗಳದು ಎಂದು ಹೇಳಲಿಲ್ಲ. ಯಾರೂ ಕೇಳಲಿಲ್ಲ.

ಭಜನೆಯ ಮುಂದಾಳು ಅಜ್ಜಂಪುರದ ತೀರ್ಥಪ್ಪ. ಹಾರ್ಮೋನಿಯಂ ಅವರದು, ತಾಳ ತಪ್ಪಿದವರನ್ನು ಬೈಯುವುದೂ ಅವರೇ. ಹಾಡು ಮುಗಿದಾಗ ಅವರು ತಿದಿ ಒತ್ತುವುದನ್ನು ನಿಲ್ಲಿಸಿ ತಲೆ ಎತ್ತಿದರು.

"ಅಂಕಿತ ಎಲ್ಲಮ್ಮ?"

"ಏನಣ್ಣಾ?"

"ಪದದ ಕೊನೇಲಿ ಗುರುವಿನ ಹೆಸರು ಬರಬೇಕಲ್ಲ. ಅಂಕಿತ ಇಲ್ಲದ ಪದ ಗದ್ದುಗೆ ಮುಂದೆ ಹಾಡಂಗಿಲ್ಲ. ಮರೆತ್ಯೇನಮ್ಮ?"

ಕರಿಬಸಮ್ಮ ಗದ್ದುಗೆಯ ಕಡೆ ನೋಡಿದರು. ಆಮೇಲೆ ಅದೇ ಮಟ್ಟಿನಲ್ಲಿ ಹಾಡಿದರು:

*ಗೋಣಿಮರದ ಗುರುವಿನ ಕೈಯಲಿ*
*ಒಡೆದು ಬೆಳ್ಳಗಾಗು*

"ಹಾಂ," ಎಂದರು ತೀರ್ಥಪ್ಪ. "ಈಗ ಪೂರ್ತಿ ಆಯ್ತು. ಎಲ್ಲರೂ ಹೇಳ್ರಮ್ಮ."

ಹೆಂಗಸರು ಅದನ್ನು ಎರಡು ಸಲ ಹಾಡಿದರು. ಆ ದಿನ ಹಳೆಯ ಪದಗಳನ್ನು ಚಿತ್ರೀಕರಿಸಿ ಯೂಟ್ಯೂಬಿಗೆ ಹಾಕುವ ಒಬ್ಬ ಬಂದಿದ್ದ. ಎರಡನೆಯ ಸಲ ಹಾಡಿದ್ದನ್ನು ಮಾತ್ರ ಚಿತ್ರೀಕರಿಸಿ, ಪದ ಎಷ್ಟು ಹಳೆಯದು ಎಂದು ಕ್ಯಾಮೆರಾ ಮುಂದೆ ಕೇಳಿದ. "ಬಹಳ ಹಳೇದು. ನಮ್ಮಜ್ಜ ಹಾಡ್ತಿದ್ರು," ಎಂದರು ತೀರ್ಥಪ್ಪ. ಎರಡನೇ ಸಾಲಿನಲ್ಲಿ ಕೂತಿದ್ದ ಕರಿಬಸಮ್ಮ ಸೆರಗು ಸರಿಮಾಡಿಕೊಂಡು ಪಾಯಸದ ಕೊಳಗದ ಕಡೆ ಎದ್ದುಹೋದರು.

ಮಾರ್ಚ್ ಕೊನೆಯಲ್ಲಿ ತರೀಕೆರೆಯ ಒಂದು ಕಾಲೇಜಿನವರು ವಾರ್ಷಿಕೋತ್ಸವಕ್ಕೆ ಸಂಗೀತಾಳನ್ನು ಕರೆದರು. ರುದ್ರಮೂರ್ತಿ ಕಾರಿನಲ್ಲಿ ಕರೆದುಕೊಂಡು ಹೋದ. ಹಳೆಯ ಹಾಡುಗಳಾದ ಮೇಲೆ ಅವಳು ಅಟ್ಟದ ಹಾಡನ್ನು ಎತ್ತಿಕೊಂಡಳು. ಆಲ್ಬಂ ಇನ್ನೂ ಹೊರಬಂದಿರಲಿಲ್ಲ, ಹೊರಗೆ ಹಾಡುತ್ತಿದ್ದದ್ದು ಅದೇ ಮೊದಲು. ಎರಡನೇ ಸಾಲಿನಿಂದ ಹುಡುಗ ಹುಡುಗಿಯರು ಜೊತೆಗೆ ಹಾಡತೊಡಗಿದರು. ಅವಳು ನಿಲ್ಲಿಸಿದ ಮೇಲೂ ಅವರು ನಿಲ್ಲಿಸಲಿಲ್ಲ. ಅವಳು ಬರೆಯದ ಸಾಲೊಂದನ್ನು ಹಾಡಿ ಶಿಳ್ಳೆ ಹೊಡೆದರು.

ವೇದಿಕೆಯ ಹಿಂದೆ ಅನುಷಾ ಎಂಬ ವಿದ್ಯಾರ್ಥಿನಿ ನೀರಿನ ಬಾಟಲಿ ತಂದಳು. "ಮೇಡಂ, ನೀವು ಕೊನೇ ಸಾಲು ಬಿಟ್ರಿ."

"ಈ ಹಾಡು ನಿಂಗೆ ಹೆಂಗೆ ಗೊತ್ತು?"

"ನಡುಹಗಲು ಹೊಸ ಹಾಡಲ್ವಾ ಮೇಡಂ? ಹೋದ ವಾರ ಬಂತು. ನೀವು ತಂಡದಲ್ಲಿದ್ದಾಗ ಮಾಡಿದ್ದೇನೋ ಅನ್ಕೊಂಡ್ವಿ."

ಕಾರಿನಲ್ಲಿ ಸಂಗೀತಾ ಫೋನು ತೆರೆದಳು. 'ಗೋಣಿಮಠದ ತತ್ವಪದ. ಸಾಹಿತ್ಯ: ಜನಪದ. ಸಂಗೀತ ಸಂಯೋಜನೆ: ನಡುಹಗಲು.' ಅದರ ಕೆಳಗೆ, ಪದ ಸಿಕ್ಕಿದ ಮೂಲವೆಂದು ಭಜನೆಯ ವಿಡಿಯೋ. ರುದ್ರಮೂರ್ತಿ ಗಾಡಿ ಪಕ್ಕಕ್ಕೆ ನಿಲ್ಲಿಸಿ ಬಗ್ಗಿ ನೋಡಿದ.

"ಲೇ, ಇದು ನಮ್ಮವ್ವ!" ಎಂದು ನಕ್ಕ. ತಂಗಿಯ ಮುಖ ನೋಡಿ ನಗು ನಿಲ್ಲಿಸಿ ಗಾಡಿ ಬಿಟ್ಟ.

ಮನೆ ಸೇರಿದಾಗ ಕರಿಬಸಮ್ಮ ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತಿದ್ದರು.

"ಅವ್ವ, ನನ್ನ ಹಾಡು ಮಠದಲ್ಲಿ ಹಾಡಿದ್ಯಾ?"

"ಹೂಂ. ಚೆನ್ನಾಗಿತ್ತು, ಹಾಡ್ದೆ."

"ನನ್ನ ಒಂದು ಮಾತು ಕೇಳಬೇಕು ಅನ್ನಿಸಲಿಲ್ವಾ?"

"ಮನೆ ಹಾಡಿಗೆ ಯಾರನ್ನ ಕೇಳದು? ನೀನು ಸಣ್ಣೋಳಿದ್ದಾಗ ನಾನು ಹಾಡದನ್ನ ಸ್ಕೂಲಲ್ಲಿ ಹಾಡಿ ಸ್ಟೀಲ್ ಲೋಟ ಗೆದ್ಕಂಡು ಬಂದ್ಯಲ್ಲ, ನನ್ನ ಕೇಳಿದ್ಯಾ?"

"ಕೊನೇ ಸಾಲು ಎಲ್ಲಿಂದ ಬಂತು?"

"ತೀರ್ಥಪ್ಪಣ್ಣ ಅಂಕಿತ ಕೇಳಿದ್ರು. ಬಾಯಿಗೆ ಬಂತು, ಸೇರಿಸ್ದೆ. ಯಾಕೆ, ಏನಾಯ್ತು ಈಗ?"

ಏನಾಯಿತೆಂದು ಸಂಗೀತಾ ಹೇಳಿದಳು. ಕರಿಬಸಮ್ಮನವರಿಗೆ ಮೊದಲು ಖುಷಿಯೇ ಆಯಿತು. "ಅಷ್ಟು ಜನ ಹಾಡಿದ್ರಾ?" ಎಂದು ಕೇಳಿದರು. ಮಗಳು ಅಟ್ಟ ಹತ್ತಿದಾಗ ಮೊರ ಪಕ್ಕಕ್ಕಿಟ್ಟರು.

ಸಂಗೀತಾ ಶಶಿಧರನಿಗೆ ಫೋನು ಮಾಡಿದಳು. ತಂಡ ಬಿಟ್ಟ ಮೇಲೆ ಮಾತಾಡುತ್ತಿದ್ದದ್ದು ಅದೇ ಮೊದಲು.

"ಸಂಗೀ, ನಿಜವಾಗ್ಲೂ ನೀನು ಬರೆದಿದ್ದಾ?" ಎಂದ ಶಶಿಧರ. "ವಿಡಿಯೋದಲ್ಲಿ ಆ ಯಜಮಾನರು ಅಜ್ಜನ ಕಾಲದ್ದು ಅಂದ್ರಲ್ಲ."

"ಎರಡನೇ ಸಾಲಲ್ಲಿ ಕೂತಿರೋದು ನಮ್ಮವ್ವ. ಅವಳು ಇಲ್ಲಿ ಕೇಳಿಸ್ಕೊಂಡು ಅಲ್ಲಿ ಹಾಡಿದ್ದು. ನನ್ನ ರೆಕಾರ್ಡಿಂಗಿನಲ್ಲಿ ತಾರೀಖು ಇದೆ, ಕಳಿಸ್ಲಾ?"

"ಕಳಿಸು. ಆದ್ರೆ ಅದು ನೀನು ಹಾಡಿದ್ದಕ್ಕೆ ಸಾಕ್ಷಿ, ಬರೆದಿದ್ದಕ್ಕಲ್ಲ. ಮಠದ ಪದ ಅವ್ವನ ಬಾಯಲ್ಲಿ ಕೇಳಿ ಹಾಡಿದಾಳೆ ಅಂತಾರೆ ಜನ. ನೋಡು, ನಂಗೆ ಜಗಳ ಬೇಡ. ಹಾಡಿದ ಹೆಂಗಸರ ಕಡೆಯಿಂದ ಒಂದು ಮಾತು ಬರಲಿ, ಇದು ನಮ್ಮ ಹಳೇ ಪದ ಅಲ್ಲ ಅಂತ. ಅವತ್ತೇ ತೆಗೀತೀನಿ."

ಹಾಡುಗಳನ್ನು ಆ್ಯಪುಗಳಿಗೆ ಹಾಕಿಕೊಡುವ ಬೆಂಗಳೂರಿನ ಕಂಪನಿಯದು ಬೇರೆ ಸಲಹೆ. ಈ ಹಾಡು ಆಗಲೇ ಜನಪದವೆಂದು ನಮೂದಾಗಿದೆ. ನೀವೂ ಜನಪದ ಎಂದೇ ಹಾಕಿ, ಆಲ್ಬಂ ಹೇಳಿದ ದಿನಕ್ಕೆ ಹೊರಬರುತ್ತದೆ. ನಿಮ್ಮ ಹೆಸರೇ ಬೇಕು ಅಂದರೆ ತಕರಾರು ತೀರುವವರೆಗೆ ಕಾಯಬೇಕು ಎಂದರು. ಅವಳು ಕಾಯುತ್ತೇನೆ ಎಂದಳು.

ಆ ದಿನ ಊಟಕ್ಕೆ ಹುರುಳಿಕಟ್ಟಿನ ಸಾರು. ಮಲ್ಲಿಕಾರ್ಜುನಯ್ಯನವರು ಲಿಂಗಪೂಜೆ ಮುಗಿಸಿ ಬಂದು ಕೂತರು. ವಿಷಯ ಆಗಲೇ ಅವರ ಕಿವಿಗೆ ಬಿದ್ದಿತ್ತು.

"ಗುರುವಿನ ಹೆಸರಲ್ಲಿ ನಾಕು ಜನ ಹಾಡ್ಕಂತಾರೆ. ಅದರಿಂದ ನಿಂಗೇನು ನಷ್ಟ ಮಗ?" ಎಂದರು.

"ಗುರು ಬರೆದಿಲ್ಲ ಅಪ್ಪಾಜಿ. ನಾನು ಬರೆದಿದ್ದು."

"ಇನ್ನೊಂದು ಬರಿ," ಎಂದ ರುದ್ರಮೂರ್ತಿ. "ಹಾಡು ತಾನೆ."

"ಅಣ್ಣ, ನಿನ್ನ ಮಂಡಿ ಕೊಬ್ಬರಿ ಚೀಲಕ್ಕೆ ಬೇರೆಯವರ ಮಾರ್ಕು ಹಾಕಿ ತಿಪಟೂರಿಗೆ ಕಳಿಸಿದ್ರೆ ಇನ್ನೊಂದು ಚೀಲ ತುಂಬ್ತೀನಿ ಅಂತೀಯಾ?"

ರುದ್ರಮೂರ್ತಿ ಮುದ್ದೆ ಮುರಿಯುತ್ತ ಕೂತ. ಸೌಮ್ಯ ಸಾರು ಬಡಿಸುತ್ತ, "ಹೋದ ವರ್ಷ ಅಂಥದ್ದಕ್ಕೇ ತಾನೆ ಇವರು ಪೊಲೀಸ್ ಸ್ಟೇಷನ್ ತನಕ ಹೋಗಿದ್ದು," ಎಂದಳು.

"ನೀನು ಯಾರ ಕಡೆನೇ?" ಎಂದ ರುದ್ರಮೂರ್ತಿ.

"ನಾನು ಸಾರಿನ ಕಡೆ. ಹಾಕ್ಲಾ?"

ಮಲ್ಲಿಕಾರ್ಜುನಯ್ಯನವರು ಸಾಕೆಂದು ತಟ್ಟೆಗೆ ಕೈ ಅಡ್ಡ ಹಿಡಿದರು. "ನಾನು ಮಠದ ಕಮಿಟಿಯಲ್ಲಿದೀನಿ. ನಮ್ಮನೆಯೋಳು ಗದ್ದುಗೆ ಮುಂದೆ ಸುಳ್ಳು ಅಂಕಿತ ಹಾಕಿದ್ಲು ಅಂತ ನಾನೇ ಹೋಗಿ ಹೇಳ್ಲಾ? ಜನ ಏನಂತಾರೆ?"

ಎಲ್ಲರೂ ಕರಿಬಸಮ್ಮನವರ ಕಡೆ ನೋಡಿದರು. ಅವರು ಮಜ್ಜಿಗೆ ತರಲು ಒಳಗೆ ಹೋಗಿದ್ದರು. ತರುವುದಕ್ಕೆ ತಡವಾಯಿತು.

ಆದರೂ ಆ ವಾರ ಮಲ್ಲಿಕಾರ್ಜುನಯ್ಯನವರು ಮಗಳನ್ನು ಕರೆದುಕೊಂಡು ಅಜ್ಜಂಪುರಕ್ಕೆ ಹೋದರು. ತೀರ್ಥಪ್ಪ ಜಗಲಿಯಲ್ಲಿ ಕೂರಿಸಿ ಒಗ್ಗರಣೆ ಮಂಡಕ್ಕಿ, ಚಹಾ ಕೊಡಿಸಿದರು. ವಿಷಯ ಕೇಳಿ ಅವರಿಗೆ ಕೋಪ ಬರಲಿಲ್ಲ, ಆಶ್ಚರ್ಯವಾಯಿತು.

"ನೀನು ಬರೆದಿದ್ದಾ? ಇಲ್ಲ ಕಣಮ್ಮ. ನಮ್ಮಜ್ಜ ಹಾಡ್ತಿದ್ದದ್ದು ನಂಗೆ ಕಣ್ಣಿಗೆ ಕಟ್ಟಿದಂಗೈತೆ."

"ಯಾವ ಸಾಲು ಹಾಡ್ತಿದ್ರು?"

"ಅದೇ, ಗೋಣಿಮರದ ಗುರುವಿನ ಕೈಯಲಿ ಅನ್ನೋದು."

"ಅದು ಹುಟ್ಟಿ ಇನ್ನೂ ಎರಡು ತಿಂಗಳಾಗಿಲ್ಲ ಅಜ್ಜಾ. ನಿಮ್ಮ ಎದುರಿಗೇ ಹುಟ್ಟಿದ್ದು. ನೀವು ಕೇಳಿದ್ರಿ, ಅವ್ವ ಸೇರಿಸಿದ್ಲು."

ತೀರ್ಥಪ್ಪ ಮಲ್ಲಿಕಾರ್ಜುನಯ್ಯನವರ ಮುಖ ನೋಡಿದರು. ಮಲ್ಲಿಕಾರ್ಜುನಯ್ಯನವರು ಚಹಾದ ಲೋಟ ನೋಡಿದರು.

"ಏನಪ್ಪಾ ಮಲ್ಲಿಕಾರ್ಜುನಯ್ಯ, ಹೌದಾ?"

"ನಾನು ಅವತ್ತು ಅಡುಗೆ ಕಡೆ ಇದ್ದೆ."

"ಹಂಗಾದ್ರೆ ಕರಿಬಸಮ್ಮನೇ ಹೇಳ್ಲಿ. ದವನದ ಹುಣ್ಣಿಮೆಗೆ ಎಲ್ಲ ಸೇರ್ತೀವಲ್ಲ. ಗದ್ದುಗೆ ಮುಂದೆ ಅವಳ ಬಾಯಿಂದ ಬರಲಿ, ಒಪ್ಕೊಂತೀನಿ. ನಿನ್ನ ಬಾಯಿಂದ ಬಂದ್ರೆ ಒಪ್ಪಲ್ಲ ಕಣಮ್ಮ, ಬೇಜಾರು ಮಾಡ್ಕೋಬೇಡ. ಮಂಡಕ್ಕಿ ತಿನ್ನು, ಮೆತ್ತಗಾಗುತ್ತೆ."

ಕರಿಬಸಮ್ಮ ಹೇಳುತ್ತೇನೆ ಎಂದೂ ಅನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ಹುಣ್ಣಿಮೆಗೆ ಇನ್ನೂ ಎರಡು ವಾರವಿತ್ತು. ಅವರು ಬೇಳೆಯನ್ನು ಪಾತ್ರೆಯಲ್ಲಿ ಬೇಯಿಸುವುದನ್ನು ಮುಂದುವರಿಸಿದರು. ಆದರೆ ಅಟ್ಟದ ಏಣಿಯ ಹತ್ತಿರ ಕೂರುವುದನ್ನು ಬಿಟ್ಟರು. ಸಂಗೀತಾ ತಿಂಡಿಗೆ ಬಂದರೆ ತಟ್ಟೆ ಇಡುತ್ತಿದ್ದರು, ಮಾತು ಸೌಮ್ಯಳ ಜೊತೆ ಆಡುತ್ತಿದ್ದರು.

"ರೊಟ್ಟಿಗೆ ತುಪ್ಪ ಬೇಕಾ ಕೇಳು ಅವಳ್ನ."

"ಇಲ್ಲೇ ಇದೀನಲ್ಲ ಅವ್ವ, ನನ್ನೇ ಕೇಳು."

"ಸೌಮ್ಯ, ತುಪ್ಪ ಅಲ್ಲೈತೆ, ಹಾಕ್ಕೊಳಕ್ಕೆ ಹೇಳು."

ಮೇಲೆ ಅಟ್ಟದಲ್ಲಿ ಸಂಗೀತಾ ಹಾಡನ್ನು ಹೊಸದಾಗಿ ರೆಕಾರ್ಡ್ ಮಾಡಿದಳು. ತರೀಕೆರೆಯ ಮಕ್ಕಳ ಬಾಯಲ್ಲಿ ಕೇಳಿದ ಮೇಲೆ 'ಆಗ ಹೊರಗೆ ಬಾ' ಎಂದು ನಿಲ್ಲಿಸಿದರೆ ಹಾಡು ಅರ್ಧಕ್ಕೇ ಬಿಟ್ಟಂತೆ ಆಗುತ್ತಿತ್ತು. ಹಲವು ಸಾಲು ಬರೆದು ಹೊಡೆದುಹಾಕಿದಳು. ಕೊನೆಗೆ ಗುರುವಿ‌ನ ಹೆಸರು ತೆಗೆದು ಹೀಗೆ ಹಾಡಿದಳು: *ನಿನ್ನದೇ ಕೈಯಲಿ ಒಡೆದು ಬೆಳ್ಳಗಾಗು.* ಅದಾದ ಮೇಲೆ ಗಿಟಾರು ಪೂರ್ತಿ ದನಿಯಲ್ಲಿ ಏಳುತ್ತಿತ್ತು. ಆಲ್ಬಮ್ಮಿನಲ್ಲೇ ಅದು ಒಳ್ಳೆಯ ಜಾಗ ಎಂದು ಅವಳಿಗೂ ಗೊತ್ತಿತ್ತು. ಕಂಪನಿಗೆ ಕಳಿಸುವ ವಿವರದಲ್ಲಿ ಸಾಹಿತ್ಯ, ಸಂಗೀತ, ಗಾಯನ ಮೂರಕ್ಕೂ ತನ್ನ ಹೆಸರು ಬರೆದಳು.

ಬಟ್ಟೆ ಒಣಹಾಕುತ್ತಿದ್ದ ಸೌಮ್ಯ ಅದನ್ನು ಕೆಳಗಿನಿಂದಲೇ ಕೇಳಿಸಿಕೊಂಡಳು. ಪಕ್ಕದಲ್ಲಿ ಕರಿಬಸಮ್ಮ ಸೀರೆಯ ಇನ್ನೊಂದು ತುದಿ ಹಿಡಿದಿದ್ದರು.

"ಅತ್ತೆ, ಅದು ನಿಮ್ಮ ಸಾಲಲ್ವಾ?"

"ಸೀರೆ ಎಳಿ, ಮುದುರ್ತಾ ಐತೆ," ಎಂದರು ಕರಿಬಸಮ್ಮ.

ದವನದ ಹುಣ್ಣಿಮೆಯ ಬೆಳಿಗ್ಗೆ ಕರಿಬಸಮ್ಮ ಎಲ್ಲರಿಗಿಂತ ಮೊದಲು ಸ್ನಾನ ಮುಗಿಸಿ, ವಿಭೂತಿ ಧರಿಸಿ, ಒಳ್ಳೆಯ ಸೀರೆ ಉಟ್ಟು ಕಾರಿನಲ್ಲಿ ಕೂತರು. ಮನೆಯವರೆಲ್ಲ ಹೋದರು. ಶಶಿಧರನಿಗೂ ಕಂಪನಿಗೂ ಕಳಿಸುವುದಕ್ಕೆ ಸೌಮ್ಯ ಫೋನಿನಲ್ಲಿ ಚಿತ್ರ ತೆಗೆಯಬೇಕೆಂದು ತೀರ್ಮಾನವಾಗಿತ್ತು.

ಮೊದಲ ಪದವಾದ ಮೇಲೆ ತೀರ್ಥಪ್ಪ ಹಾರ್ಮೋನಿಯಂ ನಿಲ್ಲಿಸಿದರು. "ಕರಿಬಸಮ್ಮ ಏನೋ ಹೇಳಬೇಕಂತೆ."

ಕರಿಬಸಮ್ಮ ಎದ್ದು ನಿಂತರು. ಗದ್ದುಗೆಗೆ ಕೈ ಮುಗಿದು ಹೆಂಗಸರ ಕಡೆ ತಿರುಗಿದರು.

"ಭಾರತ ಹುಣ್ಣಿಮೆಗೆ ನಾನು ಹೇಳಿಕೊಟ್ಟ ಪದ ಹಳೇದಲ್ಲ. ನನ್ನ ಮಗಳು ಬರೆದಿದ್ದು. ನಮ್ಮನೆ ಅಟ್ಟದಲ್ಲಿ ಕೂತ್ಕಂಡು ಬರೆದ್ಲು. ನಾನು ಕದ್ದು ಕೇಳಿಸ್ಕಂಡು ಇಲ್ಲಿ ಹಾಡ್ದೆ."

ಹಿಂದಿನ ಸಾಲಿನಿಂದ ಒಬ್ಬಾಕೆ, "ಅಯ್ಯೋ ಶಿವನೇ, ನಾವು ಕಣ್ಣೀರು ಹಾಕ್ಕಂಡು ಹಾಡಿದ್ದು ಸಂಗೀತನ ಪದಾನಾ?" ಎಂದಳು. ಕೆಲವರು ನಕ್ಕರು.

ತೀರ್ಥಪ್ಪ ನಗಲಿಲ್ಲ. "ಹಂಗಾದ್ರೆ ನಾನು ಕ್ಯಾಮೆರಾ ಮುಂದೆ ಸುಳ್ಳು ಹೇಳಿದ್ನಾ?"

"ನೀವು ಸುಳ್ಳು ಹೇಳಿಲ್ಲ ಅಣ್ಣಾ. ನೀವು ಅಂಕಿತ ಕೇಳಿದ್ರಿ, ನಾನು ಕೊಟ್ಟೆ. ಗುರುವಿನ ಹೆಸರು ಬಂದ್ಮೇಲೆ ನಿಮಗೆ ಹಳೇದು ಅನ್ನಿಸ್ತು. ನಂಗೂ ಆಮೇಲೆ ಹಂಗೇ ಅನ್ನಿಸ್ತಿತ್ತು."

ಸಂಗೀತಾ ಕಂಬಕ್ಕೆ ಒರಗಿ ನಿಂತಿದ್ದಳು. ಬೇಕಾದ ಮಾತು ಬಂದಾಗಿತ್ತು. ಫೋನು ಇಳಿಸು ಎಂದು ಸೌಮ್ಯಳಿಗೆ ಸನ್ನೆ ಮಾಡಿದಳು. ಸೌಮ್ಯ ಇಳಿಸಲಿಲ್ಲ, ಕರಿಬಸಮ್ಮ ಇನ್ನೂ ಕೂತಿರಲಿಲ್ಲ.

"ಇನ್ನೊಂದು ಮಾತೈತೆ. ಕೊನೇ ಸಾಲು ಮಾತ್ರ ನಂದು. ಅದನ್ನ ಗುರು ಹೇಳಿಲ್ಲ, ತೀರ್ಥಪ್ಪಣ್ಣನ ಅಜ್ಜನೂ ಹಾಡಿಲ್ಲ. ನಾನು ಇಲ್ಲಿ ನಿಂತ್ಕಂಡು ಕಟ್ಟಿದ್ದು. ಈಗ ಇವಳು ಅದನ್ನ ತನ್ನ ಹಾಡಿಗೆ ಹಾಕ್ಕಂಡವಳೆ. ಗುರುವಿನ ಹೆಸರು ತೆಗೆದವಳೆ, ಮಿಕ್ಕಿದ್ದು ಹಂಗೇ ಇಟ್ಕಂಡವಳೆ. ನನ್ನ ಕೇಳ್ಲಿಲ್ಲ."

ಇಷ್ಟು ಹೇಳಿ ಕೂತರು. ಚಪ್ಪರದಲ್ಲಿ ಯಾರೂ ನಗಲಿಲ್ಲ. ತೀರ್ಥಪ್ಪ ಹಾರ್ಮೋನಿಯಂ ಹತ್ತಿರಕ್ಕೆ ಎಳೆದುಕೊಂಡು ಮುಂದಿನ ಪದ ಎತ್ತಿಕೊಂಡರು.

ವಾಪಸ್ ಬರುವಾಗ ಕಾರಿನಲ್ಲಿ ರುದ್ರಮೂರ್ತಿ ಮಾತು ತೆಗೆದ. "ಅವ್ವ ಮೊದಲು ಹೇಳಿದ್ದಷ್ಟು ಸಾಕು. ಕೊನೇದು ಕತ್ತರಿಸಿ ಕಳಿಸು. ನಾಳೆನೇ ನಿನ್ನ ಕೆಲಸ ಆಗುತ್ತೆ."

"ನನ್ನ ಫೋನಲ್ಲಿ ಕತ್ತರಿಸಕ್ಕೆ ಬರಲ್ಲ," ಎಂದಳು ಸೌಮ್ಯ.

"ಅದೇನು ಬ್ರಹ್ಮವಿದ್ಯೆನಾ? ಕೊಡಿಲ್ಲಿ."

"ಬರಲ್ಲ ಅಂದ್ನಲ್ಲ ಕಣ್ರೀ."

ಸಂಗೀತಾ ಕಿಟಕಿಯ ಕಡೆ ತಿರುಗಿ ಕೂತಿದ್ದಳು. ಕರಿಬಸಮ್ಮ ಮಠದ ಪ್ರಸಾದದ ಡಬ್ಬಿಯನ್ನು ತೊಡೆಯ ಮೇಲೆ ಹಿಡಿದುಕೊಂಡಿದ್ದರು.

ಮನೆಯಲ್ಲಿ ಯಾರಿಗೂ ಹಸಿವಿರಲಿಲ್ಲ, ಆದರೂ ಸೌಮ್ಯ ಅನ್ನಕ್ಕಿಟ್ಟಳು. ಸಂಗೀತಾ ಅಡುಗೆಮನೆಯಲ್ಲಿ ತಾಯಿಯ ಪಕ್ಕ ಬಂದು ನೆಲದ ಮೇಲೆ ಕೂತಳು. ಕರಿಬಸಮ್ಮ ಸಂಜೆಗೆಂದು ಸೊಪ್ಪು ಬಿಡಿಸುತ್ತಿದ್ದರು.

"ಅವ್ವ, ನಿನ್ನ ಹೆಸರು ಹಾಕ್ತೀನಿ. ಸಾಹಿತ್ಯ ಸಂಗೀತಾ, ಕರಿಬಸಮ್ಮ ಅಂತ ಇಬ್ಬರದೂ."

"ಹೆಸರು ಆಮೇಲೆ. ಮೊದಲು ಕೇಳು."

"ಏನನ್ನ?"

"ಸಾಲು ಕೊಡ್ತೀಯಾ ಅಂತ."

ಸಂಗೀತಾ ಒಂದು ಹಿಡಿ ಸೊಪ್ಪು ತೆಗೆದುಕೊಂಡು ದಂಟು ಮುರಿಯತೊಡಗಿದಳು. "ಸಾಲು ಕೊಡ್ತೀಯಾ ಅವ್ವ?"

"ಇಲ್ಲ."

ಸೌಮ್ಯ ಒಲೆಯ ಕಡೆಯಿಂದ ತಿರುಗಿ ನೋಡಿದಳು.

"ಅದನ್ನ ಗದ್ದುಗೆಗೆ ಕೊಟ್ಟಾಗೈತೆ," ಎಂದರು ಕರಿಬಸಮ್ಮ. "ಕೊಟ್ಟಿದ್ದನ್ನ ವಾಪಸ್ ಈಸ್ಕಂಡು ನಿಂಗೆ ಕೊಡಲ್ಲ."

"ಅಲ್ಲಿ ನಂದು ಅಂದೆ, ಗುರುವಿಂದಲ್ಲ ಅಂದೆ. ಇಲ್ಲಿ ಕೊಟ್ಟಾಗೈತೆ ಅಂತೀಯ."

"ನಂದು, ಅದಕ್ಕೇ ಕೊಟ್ಟೆ. ನಂದಲ್ದೆ ಇದ್ದಿದ್ರೆ ಹೆಂಗೆ ಕೊಡದು? ನಿನ್ನ ಪದ ನಾನು ಕೇಳದೆ ಕೊಟ್ಟೆ, ಅದು ತಪ್ಪು. ಎಲ್ಲರ ಮುಂದೆ ನಿಂತು ಹೇಳಿದೀನಿ. ಇನ್ನೇನು ಮಾಡ್ಲಿ?"

"ಹಂಗಾದ್ರೆ ನನ್ನ ಪದ ಮಠದಲ್ಲಿ ಹಾಡಬೇಡಿ ಅಂತ ನಾನೂ ಅನ್ನಬಹುದು."

"ಅನ್ನು. ನಿಲ್ಲಿಸ್ತೀವಿ." ಕರಿಬಸಮ್ಮ ಮಗಳ ಕೈಯಲ್ಲಿದ್ದ ಸೊಪ್ಪನ್ನು ಇಸಿದುಕೊಂಡರು. "ದಂಟು ಎಳೇದೈತೆ, ಅದನ್ಯಾಕೆ ಎಸೀತೀಯ? ಹೇಳು, ನಿಲ್ಲಿಸ್ಲಾ?"

ಸಂಗೀತಾ ತಾನು ಎಸೆದಿದ್ದ ದಂಟುಗಳನ್ನು ಆರಿಸಿ ಸೊಪ್ಪಿಗೆ ಸೇರಿಸಿದಳು. ಆಮೇಲೆ, "ಹಾಡ್ಕೊಳ್ಳಿ. ನನ್ನ ಹೆಸರು ಹೇಳಿ ಹಾಡಿ," ಎಂದಳು.

"ತೀರ್ಥಪ್ಪಣ್ಣಂಗೆ ಹೇಳ್ತೀನಿ. ನಿನ್ನ ಹೆಸರು ಬಾಯಿಗೆ ಬರಕ್ಕೆ ಎರಡು ಹುಣ್ಣಿಮೆ ಬೇಕಾಗುತ್ತೆ ಅವರಿಗೆ."

ಸಂಗೀತಾ ಸೌಮ್ಯಳ ಫೋನಿನಿಂದ ವಿಡಿಯೋವನ್ನು ಪೂರ್ತಿಯಾಗಿ ಶಶಿಧರನಿಗೂ ಕಂಪನಿಗೂ ಕಳಿಸಿದಳು. ಅವನು ಹೇಳಿದಂತೆ ನಡೆದುಕೊಂಡ, ಹಾಡು ಹಿಂತೆಗೆದ. "ನಿಮ್ಮವ್ವನ್ನ ನಮ್ಮ ಬ್ಯಾಂಡಿಗೆ ಕರ್ಕೊಂಡು ಬಾ, ಹೆಸರು ಹಾಕ್ತೀನಿ," ಎಂದು ಸಂದೇಶ ಕಳಿಸಿದ. ಅವಳು ಉತ್ತರ ಬರೆಯಲಿಲ್ಲ.

ಆ ವಾರ ಉಗ್ರಾಣದಲ್ಲಿ ಕಾಯಿ ಇಳಿಸುವ ಕೆಲಸ ಶುರುವಾಗಬೇಕಿತ್ತು. ರುದ್ರಮೂರ್ತಿ ಆಳುಗಳಿಗೆ ಎರಡು ದಿನ ತಡೆದು ಬರಲು ಹೇಳಿದ. ಸಂಗೀತಾ ಅಟ್ಟದಲ್ಲಿ ಕೂತು ಕೊನೆಯ ಸಾಲನ್ನು ತೆಗೆದುಹಾಕಿದಳು. ಅದರ ಹಿಂದೆ ಏಳುತ್ತಿದ್ದ ಗಿಟಾರೂ ಹೋಯಿತು. 'ಆಗ ಹೊರಗೆ ಬಾ' ಎಂಬಲ್ಲಿಗೆ ಹಾಡು ನಿಂತಿತು. ಬೇರೆ ಸಾಲು ಬರೆಯಲು ಅವಳು ಮತ್ತೆ ಹೋಗಲಿಲ್ಲ.

'ಅಟ್ಟ' ಮೇ ತಿಂಗಳಲ್ಲಿ ಹೊರಬಂತು. ಸಾಹಿತ್ಯ, ಸಂಗೀತ, ಗಾಯನ: ಸಂಗೀತಾ ಮಲ್ಲಿಕಾರ್ಜುನ. 'ಒಬ್ಬಳೇ' ಆಲ್ಬಮ್ಮಿಗಿಂತ ಹೆಚ್ಚು ಜನ ಕೇಳಿದರು, ಬ್ಯಾಂಡಿನಷ್ಟು ಅಲ್ಲ. ಹಾಡಿನ ಕೆಳಗೆ ಬಂದ ಮಾತುಗಳನ್ನು ಸೌಮ್ಯ ಸೊಪ್ಪು ಹೆಚ್ಚುತ್ತ ಅತ್ತೆಗೆ ಓದಿ ಹೇಳುತ್ತಿದ್ದಳು. ತರೀಕೆರೆಯ ಅನುಷಾ ಬರೆದಿದ್ದಳು: "ಮೇಡಂ, ಹಾಡು ಚೆನ್ನಾಗಿದೆ. ಆದರೆ ಅರ್ಧಕ್ಕೇ ನಿಂತಂಗಿದೆ. ಆ ಕೊನೇ ಸಾಲು ಎಲ್ಲಿ ಹೋಯ್ತು?"

"ಸಂಗೀತಾ ಏನಂದವಳೆ ಅದಕ್ಕೆ?" ಎಂದು ಕೇಳಿದರು ಕರಿಬಸಮ್ಮ.

ಸೌಮ್ಯ ಬೆರಳಿನಿಂದ ಪರದೆ ಸರಿಸಿ ಓದಿದಳು. "ಅದು ನಮ್ಮವ್ವನ ಸಾಲು. ಕೇಳಬೇಕಿದ್ದರೆ ಹುಣ್ಣಿಮೆ ದಿನ ಗೋಣಿಮಠಕ್ಕೆ ಬನ್ನಿ."